ಅಜ್ಜಿನ್ನ ಕೇಳ್ರಿ, ಬಾಜೂಕ ನಿಂತವರನ್ನಲ್ಲ

ಕಳೆದ ಶ್ರಾವಣದ ಒಂದು ಸೋಮವಾರ ನಮ್ಮ ಮನೆಯ ಅಜ್ಜಿ ದೇವರ ಜಗುಲಿಯ ಮುಂದೆ ಕುಸಿದುಬಿದ್ದರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಲಕ್ವಾ ಹೊಡೀತು ಅಂತ ಓಣಿ ಮಂದಿ ಕೂಡಿದರು. ಗಾಡಿ ಮಾಡಿಕೊಂಡು ತಾಲ್ಲೂಕಿಗೆ ಓಡಿದೆವು. ನರ್ಸ್ ಬೆರಳು ಚುಚ್ಚಿ ನೋಡಿದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಗ್ಲುಕೋಸ್ ಏರಿಸಿದ ಮೇಲೆ ಅಜ್ಜಿ ಕಣ್ಣು ಬಿಟ್ಟರು.

"ಇವರು ಏನೇನು ಔಷಧ ತಗೋತಾರೆ?" ಅಂತ ಡಾಕ್ಟರು ಕೇಳಿದರು. ಕೇಳಿದ್ದು ನಮ್ಮನ್ನು. ಹೇಳಿದ್ದೂ ನಾವೇ. "ಸಕ್ರಿದೊಂದು, ಬಿಪಿದೊಂದು ಸರ್. ಬ್ಯಾರೆ ಏನಿಲ್ಲ." ಅಜ್ಜಿ ಅಲ್ಲೇ ಮಲಗಿದ್ದರು, ಎಚ್ಚರವಾಗಿಯೇ ಇದ್ದರು. ಅವರ ಕಡೆ ಡಾಕ್ಟರೂ ತಿರುಗಲಿಲ್ಲ, ನಾವೂ ತಿರುಗಲಿಲ್ಲ.

ಮನೆಗೆ ಬಂದ ಮೂರನೇ ದಿನ ಹಾಸಿಗೆ ಝಾಡಿಸುವಾಗ ಅವರ ಎಲೆ ಸಂಚಿಯಿಂದ ಪುಡಿಯ ಪೊಟ್ಟಣ ಉದುರಿದವು. ಹಳೇ ಪೇಪರಿನಲ್ಲಿ ಕಟ್ಟಿದ್ದವು. ಮೇಲೆ ಹೆಸರಿಲ್ಲ, ಅಳತೆ ಇಲ್ಲ.

"ಇದೇನಬೇ?"

"ಸಕ್ರಿ ಇಳಸೂ ಪುಡಿ. ಮೂರ ತಿಂಗಳಾತು."

"ಮತ್ತ ದವಾಖಾನ್ಯಾಗ ಯಾಕ ಹೇಳಲಿಲ್ಲ?"

"ನನ್ನ ಯಾರ ಕೇಳಿದ್ರು?"

ಈ ಲೇಖನ ಬರೆಯಲು ಆ ಒಂದು ಮಾತೇ ಕಾರಣ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಸುದ್ದಿಗಾಗಿ ಓಡಾಡುವ ನಾವು ಆಮೇಲೆ ಎಲ್ಲಿ ಹೋದರೂ ಮುದುಕರ ಪಕ್ಕ ಕೂತು "ಏನೇನು ತಗೋತೀರಿ?" ಅಂತ ಕೇಳತೊಡಗಿದೆವು. ಗುಳಿಗೆ ಡಬ್ಬಿಯ ಜೊತೆ ಬೇರು, ಚೂರ್ಣ, ಕಷಾಯದ ಬಾಟಲಿ, ಸಂತೆಯಲ್ಲಿ ತಾಡಪತ್ರಿ ಹಾಸಿ ಮಾರುವವರ ಎಣ್ಣೆ, ಎಲ್ಲ ಹೊರಗೆ ಬಂತು. "ಇದನ್ನು ಡಾಕ್ಟರಿಗೆ ಹೇಳೀರೇನು?" ಅಂದರೆ ನಕ್ಕುಬಿಡುತ್ತಾರೆ. "ಆ ಗುಳಿಗಿ ತಗೊಳ್ಳೂದು ಪುಡಿ ಕೊಟ್ಟವರಿಗೆ ಗೊತ್ತೈತೇನು?" ಅಂದರೂ ಅದೇ ನಗು.

ನಾವು ನೇರವಾಗಿ ಹೇಳುತ್ತೇವೆ. ಇದು ಮುದುಕರ ಅಜ್ಞಾನವಲ್ಲ. ಔಷಧ ಕೊಡುವವರು ಕೇಳುತ್ತಿಲ್ಲ, ಕೊಟ್ಟದ್ದು ಏನೆಂದು ಹೇಳುತ್ತಿಲ್ಲ. ನಾಟಿ ವೈದ್ಯರಿರಲಿ, ಆಯುರ್ವೇದ ಡಿಗ್ರಿಯವರಿರಲಿ, ಇಂಗ್ಲಿಷ್ ಔಷಧದವರಿರಲಿ, ಈ ತಪ್ಪಿನಲ್ಲಿ ಮೂವರಿಗೂ ಪಾಲಿದೆ. ನಾಲ್ಕನೇ ಪಾಲು ಮನೆಯವರಾದ ನಮ್ಮದು.

"ಹೇಳಿದ್ರ ತಿಳಿಯೂದಿಲ್ಲ" ಎಂಬ ಸುಳ್ಳು

ಈ ವಿಷಯ ತೆಗೆದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು. "ವಯಸ್ಸಾದವರು, ಓದಿಲ್ಲ, ಹೇಳಿದ್ರ ತಿಳಿಯೂದಿಲ್ಲ."

ಯಾವ ಮಳೆ ಯಾವಾಗ ಕೂಡುತ್ತದೆ, ಯಾವ ಮಳೆಗೆ ಏನು ಬಿತ್ತಬೇಕು ಎಂದು ಬೆರಳೆಣಿಕೆಯಲ್ಲಿ ಹೇಳುವವರು ಇವರು. ಮೂವತ್ತು ವರ್ಷದ ಹಿಂದಿನ ಮುಯ್ಯಿ ಯಾರ ಮನೆಯಿಂದ ಎಷ್ಟು ಬಂತು ಅನ್ನುವುದು ಇವರಿಗೆ ನೆನಪಿದೆ. ಆಕಳಿಗೆ ಹೊಟ್ಟೆ ಉಬ್ಬಿದರೆ ಏನು ಕೊಡಬೇಕು, ಎಷ್ಟು ಕೊಡಬೇಕು ಎಂದು ಬಲ್ಲವರು. ಇಂಥವರಿಗೆ "ಈ ಗುಳಿಗೆಯೂ ಆ ಪುಡಿಯೂ ಎರಡೂ ಸಕ್ಕರೆ ಇಳಿಸುತ್ತವೆ, ಕೂಡಿಸಿ ತಗೊಂಡು ಉಪವಾಸ ಇದ್ದರೆ ತಲೆ ತಿರುಗಿ ಬೀಳ್ತೀರಿ" ಎಂಬ ಒಂದು ಮಾತು ತಿಳಿಯುವುದಿಲ್ಲವೇ? ನಮ್ಮ ಅಜ್ಜಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಅಜ್ಜಿಯ ಗುಳಿಗೆಯಲ್ಲಿ ಗ್ಲಿಮಿಪಿರೈಡ್ ಇತ್ತು. ಊಟ ಬಿಟ್ಟರೆ ಈ ಗುಳಿಗೆ ಒಂದೇ ಸಾಕು, ಸಕ್ಕರೆ ತೀರಾ ಇಳಿಯಬಹುದು. ಮಧುನಾಶಿನಿ, ಹಾಗಲಕಾಯಿ, ಮೆಂತ್ಯದಂಥವೂ ಸಕ್ಕರೆಯನ್ನು ಇಳಿಸುತ್ತವೆ. ಅವಕ್ಕೆ ಶಕ್ತಿ ಇದೆ, ಅದಕ್ಕೇ ಅವು ಔಷಧ. ಎರಡು ಶಕ್ತಿಗಳು ಒಂದೇ ಮುದಿ ದೇಹದಲ್ಲಿ, ಅದೂ ಶ್ರಾವಣ ಸೋಮವಾರದ ಖಾಲಿ ಹೊಟ್ಟೆಯಲ್ಲಿ ಕೂಡಿದರೆ ಏನಾಗುತ್ತದೆ ಎನ್ನುವುದನ್ನು ನಾವು ಜಗುಲಿಯ ಮುಂದೆ ನೋಡಿದೆವು.

ಗಿಡಮೂಲಿಕೆಗೆ ಅಡ್ಡಪರಿಣಾಮ ಇಲ್ಲ ಎಂಬುದೂ ಹೀಗೇ ಹರಡಿದ ಮಾತು. ಕೆಮ್ಮಿಗೆ ಕೊಡುವ ಜ್ಯೇಷ್ಠಮಧುವನ್ನೇ ನೋಡಿ. ನಾಲ್ಕು ದಿನಕ್ಕೆ ಒಳ್ಳೆಯದು. ತಿಂಗಳುಗಟ್ಟಲೆ ತಗೊಂಡರೆ ಬಿಪಿ ಏರಿಸುತ್ತದೆ, ರಕ್ತದಲ್ಲಿನ ಪೊಟ್ಯಾಶಿಯಂ ಇಳಿಸುತ್ತದೆ. ಬಿಪಿ ಗುಳಿಗೆ ನುಂಗುತ್ತಿದ್ದರೂ ಬಿಪಿ ಯಾಕೆ ಇಳಿಯುತ್ತಿಲ್ಲ ಎಂದು ಡಾಕ್ಟರು ಗುಳಿಗೆಯ ಪ್ರಮಾಣ ಏರಿಸುತ್ತಾರೆ. ಕಷಾಯದ ಬಾಟಲಿ ಮಾತ್ರ ಮನೆಯ ಮಾಡದಲ್ಲಿ ಕೂತಿರುತ್ತದೆ.

ನಾಟಿ ವೈದ್ಯರೇ, ಹೆಸರು ಹೇಳಿ

ನಾವು ನಾಟಿ ವೈದ್ಯದ ವೈರಿಗಳಲ್ಲ. ನಮ್ಮ ಕಡೆ ಮೂಳೆ ಕಟ್ಟುವವರ, ಕಾಮಾಲೆಗೆ ಔಷಧ ಕೊಡುವವರ ಮನೆ ಮುಂದೆ ಈಗಲೂ ಮಂದಿ ಇರುತ್ತಾರೆ. ಯಾಕೆ ಹೋಗುತ್ತಾರೆ? ನಮ್ಮ ಅಜ್ಜಿಯ ಉತ್ತರ ಸರಳವಾಗಿತ್ತು. "ಅಂವ ನನ್ನ ಕೂಡ ಮಾತಾಡ್ತಾನ."

ನಿಜ. ಕಟ್ಟೆಯ ಮೇಲೆ ಕೂಡಿಸಿ ಮಳೆ-ಬೆಳೆ ಕೇಳುತ್ತಾರೆ. ಮಗ ದುಡ್ಡು ಕಳಿಸುತ್ತಾನೋ, ಸೊಸೆ ಊಟಕ್ಕೆ ಏನು ಮಾಡುತ್ತಾಳೆ, ರಾತ್ರಿ ನಿದ್ದೆ ಹತ್ತುತ್ತದೋ ಎಂದು ಕೇಳುತ್ತಾರೆ. ಬೇರೆ ಯಾವ ದವಾಖಾನೆಯಲ್ಲೂ ಮುದುಕರಿಗೆ ಸಿಗದ ಮರ್ಯಾದೆ ಅಲ್ಲಿ ಸಿಗುತ್ತದೆ. ಆದರೆ ಅಷ್ಟೆಲ್ಲ ಮಾತಾಡಿದ ಆ ಮನುಷ್ಯ ಎರಡು ಮಾತು ಮಾತ್ರ ಆಡಲಿಲ್ಲ. "ನೀವು ಈಗ ಯಾವ ಗುಳಿಗೆ ತಗೊಳ್ತೀರಿ?" ಎಂದು ಕೇಳಲಿಲ್ಲ. "ನಾನು ಕೊಡುವುದು ಇಂಥದ್ದು" ಎಂದು ಹೇಳಲಿಲ್ಲ. ನಾವೇ ಹೋಗಿ ಕೇಳಿದಾಗ ಸಿಕ್ಕ ಉತ್ತರ, "ಹೆಸರ ಹೇಳಿದ್ರ ಗುಣ ಹೋಗತೈತ್ರಿ."

ಈ ನಂಬಿಕೆ ಹಳೆಯದು. ಮನೆತನದ ವಿದ್ಯೆ ಮನೆಯಲ್ಲೇ ಉಳಿಯಲಿ ಎಂಬ ಲೆಕ್ಕವೂ ಅದರಲ್ಲಿದೆ. ಇನ್ನೊಂದು ಭಯವೂ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ, ಮಾನ್ಯ ಅರ್ಹತೆ ಮತ್ತು ನೋಂದಣಿ ಇಲ್ಲದವರು ವೈದ್ಯ ವೃತ್ತಿ ನಡೆಸುವಂತಿಲ್ಲ ಎಂದು ಹೇಳಿತು. ಚೀಟಿಯಲ್ಲಿ ಬರೆದುಕೊಟ್ಟರೆ ನಾಳೆ ಅದೇ ಸಾಕ್ಷಿಯಾದೀತು ಎಂಬ ಅಂಜಿಕೆ ನಮಗೆ ಅರ್ಥವಾಗುತ್ತದೆ. ಆದರೆ ಆ ಅಂಜಿಕೆಯ ಬೆಲೆ ಕೊಡುತ್ತಿರುವವರು ಯಾರು? ನಿಮ್ಮನ್ನೇ ನಂಬಿ ಬಂದ ಮುದುಕಿ.

ಹೆಸರು ಗೊತ್ತಿಲ್ಲದ ಔಷಧ ಏನು ಮಾಡಬಲ್ಲದು ಎನ್ನಲು ಬೆಲ್ಜಿಯಂ ದೇಶದ ಒಂದು ಕತೆ ಕೇಳಿ. 1990ರ ದಶಕದ ಮೊದಲಿಗೆ ಬ್ರಸೆಲ್ಸ್ ನಗರದ ಒಂದು ಚಿಕಿತ್ಸಾಲಯ ತೂಕ ಇಳಿಸುವ ಗುಳಿಗೆಯಲ್ಲಿ ಚೀನಾದ ಮೂಲಿಕೆ ಬೆರೆಸಿ ಕೊಡುತ್ತಿತ್ತು. ಚೀನಾದಲ್ಲಿ ಎರಡು ಬೇರೆ ಬೇರೆ ಗಿಡಗಳಿಗೆ 'ಫಾಂಗ್ ಜಿ' ಎಂದೇ ಹೆಸರು. ಮುಂದೆ 'ಹಾನ್', 'ಗ್ವಾಂಗ್' ಎಂದು ಸೇರಿಸಿದರೆ ಮಾತ್ರ ವ್ಯತ್ಯಾಸ. ಒಂದರ ಬದಲು ಇನ್ನೊಂದು ಚೀಲ ಸೇರಿತು. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಕೆಟ್ಟವು, ಹೆಚ್ಚಿನವರು ಹೆಂಗಸರು. ಕೆಲವರಿಗೆ ಆಮೇಲೆ ಕ್ಯಾನ್ಸರ್ ಬಂತು. 1993ರಲ್ಲಿ ವೈದ್ಯರು ಇದನ್ನು ಮೊದಲು ಬರೆದಾಗ ಕಾರಣ ಹುಡುಕಲು ಸಾಧ್ಯವಾದದ್ದು, ಆ ಹೆಂಗಸರು ಎಲ್ಲಿ ಏನು ತಗೊಂಡರು ಎಂಬ ದಾಖಲೆ ಇದ್ದದ್ದರಿಂದ.

ಆ ವಿಷ ಇರುವುದು ಅರಿಸ್ಟೊಲೊಕಿಯಾ ಎಂಬ ಗಿಡದ ಜಾತಿಯಲ್ಲಿ. ಅದು ದೂರದ ಮಾತಲ್ಲ. ನಮ್ಮಲ್ಲಿ ಹಾವು ಕಡಿದರೆ ತೇಯ್ದು ಕೊಡುವ ಈಶ್ವರಿ ಬೇರು ಅದೇ ಜಾತಿಯದು. ನಮ್ಮ ಊರಿನಲ್ಲಿ ಒಬ್ಬ ಮುದುಕನ ಕಿಡ್ನಿ ಕೆಟ್ಟರೆ ಯಾವ ಪೊಟ್ಟಣದಿಂದ ಕೆಟ್ಟಿತು ಎಂದು ಹುಡುಕುವವರು ಯಾರು? ಪೊಟ್ಟಣದ ಮೇಲೆ ಹೆಸರೇ ಇಲ್ಲವಲ್ಲ!

ಮಂಡಿನೋವಿನ ಪುಡಿಗಳದ್ದು ಇನ್ನೊಂದು ಕತೆ. ಗಿಡಮೂಲಿಕೆ ಎಂದು ಮಾರುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ದೇಶದ ಹಲವು ಕಡೆ ಪತ್ತೆಯಾಗಿದೆ. ಎರಡೇ ದಿನಕ್ಕೆ ನೋವು ಮಾಯ, ಮುದುಕ ಎದ್ದು ಹೊಲಕ್ಕೆ ನಡೆದ, "ದೇವರಂಥ ಮನಷ್ಯಾ" ಎಂದ. ಕೆಲವು ತಿಂಗಳಾದ ಮೇಲೆ ಮುಖ ಊದಿ, ಸಕ್ಕರೆ ಏರಿ, ಎಲುಬು ಟೊಳ್ಳಾಗುತ್ತದೆ. ಬಹಳ ದಿನ ತಗೊಂಡದ್ದನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಅದಕ್ಕೇ ಹೇಳುತ್ತಿದ್ದೇವೆ, ಗುಟ್ಟು ಎಂಬುದು ಕಳ್ಳರಿಗೂ ಮರೆ. ಒಳ್ಳೆಯ ನಾಟಿ ವೈದ್ಯರು ಆ ಮರೆಯಿಂದ ಹೊರಗೆ ಬರಬೇಕು.

ಡಿಗ್ರಿ ಇರುವವರೇ, ನಿಮ್ಮ ಶಾಸ್ತ್ರ ಏನು ಹೇಳಿದೆ?

ಬಿಎಎಂಎಸ್ ಓದಿದ ಡಾಕ್ಟರುಗಳಿಗೆ ಕಾನೂನಿನ ಅಂಜಿಕೆ ಇಲ್ಲ. ನೋಂದಣಿ ಇದೆ, ಬೋರ್ಡು ಇದೆ. ಹಾಗಾದರೆ ನಿಮಗೆ ಏನಾಗಿದೆ?

ರೋಗಿಯನ್ನು ಮೂರು ಬಗೆಯಲ್ಲಿ ಪರೀಕ್ಷೆ ಮಾಡಬೇಕು ಎಂದು ಆಯುರ್ವೇದ ಹೇಳುತ್ತದೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡು, ಮುಟ್ಟು, ಕೇಳು. ಮೂರರಲ್ಲಿ ಒಂದು ಪಾಲು ಕೇಳುವುದೇ. ಚೀನಾದ ಪಾರಂಪರಿಕ ವೈದ್ಯದಲ್ಲೂ ಹಾಗೇ. ನೋಡುವುದು, ದನಿ ಕೇಳಿ ವಾಸನೆ ಹಿಡಿಯುವುದು, ಪ್ರಶ್ನೆ ಕೇಳುವುದು, ನಾಡಿ ಹಿಡಿಯುವುದು ಎಂದು ನಾಲ್ಕು ಬಗೆ. ರೋಗಿಗೆ ಕೇಳಬೇಕಾದ ಹತ್ತು ಪ್ರಶ್ನೆಗಳನ್ನು ಅಲ್ಲಿನ ವಿದ್ಯಾರ್ಥಿಗಳು ಹಾಡಿನಂತೆ ಬಾಯಿಪಾಠ ಮಾಡುತ್ತಾರೆ. ಹಳೆಯ ವೈದ್ಯರಿಗೆ ಎಲ್ಲ ಕಡೆಯೂ ಗೊತ್ತಿದ್ದ ಮಾತು ಇದು, ಕೇಳದೆ ರೋಗ ತಿಳಿಯುವುದಿಲ್ಲ.

ಚರಕ ಸಂಹಿತೆ ಇನ್ನೂ ಮುಂದೆ ಹೋಗುತ್ತದೆ. ಚಿಕಿತ್ಸೆಗೆ ನಾಲ್ಕು ಕಾಲು: ವೈದ್ಯ, ಔಷಧ, ಆರೈಕೆ ಮಾಡುವವರು, ರೋಗಿ. ರೋಗಿಗೆ ಇರಬೇಕಾದ ಗುಣಗಳೂ ನಾಲ್ಕು: ನೆನಪು, ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ರೋಗವನ್ನು ತಾನೇ ತಿಳಿಸಬಲ್ಲ ಶಕ್ತಿ. ಇವತ್ತು ನಮ್ಮ ತಾಲ್ಲೂಕುಗಳಲ್ಲಿ ಉಳಿದಿರುವುದು ಎರಡನೆಯದೊಂದೇ. "ಹೇಳಿದಷ್ಟು ಮಾಡ್ರಿ." ಅಂಜದೆ ಮಾತಾಡಲು ಬಿಡುವುದಿಲ್ಲ. ತಿಳಿಸಲು ಸಮಯ ಕೊಡುವುದಿಲ್ಲ. ಎರಡು ನಿಮಿಷ ನಾಡಿ ಹಿಡಿದು "ವಾತ ಜಾಸ್ತಿ ಆಗೇತಿ" ಅಂದು ಮೂರು ಡಬ್ಬಿ ಕೊಟ್ಟು, ಹೇಗೆ ತಗೊಳ್ಳಬೇಕು ಎಂಬುದನ್ನು ಜೊತೆ ಬಂದ ಹುಡುಗನಿಗೆ ಹೇಳಿ ಕಳಿಸಿದರೆ ಅದು ಯಾವ ಆಯುರ್ವೇದ?

ಡಬ್ಬಿಯ ಮೇಲಿನ ಅಕ್ಷರದ ಕತೆ ಕೇಳಿದರೆ ಸಿಟ್ಟು ಬರುತ್ತದೆ. 1945ರ ಔಷಧ ನಿಯಮಗಳ ಪ್ರಕಾರ, ವಿಷಕಾರಿ ಎಂದು ಪಟ್ಟಿ ಮಾಡಿದ ವಸ್ತುಗಳು ಇರುವ ಆಯುರ್ವೇದ ಔಷಧದ ಮೇಲೆ "ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಿ" ಎಂಬ ಎಚ್ಚರಿಕೆ ಇರಲೇಬೇಕು. ವತ್ಸನಾಭಿ, ದತ್ತೂರಿ, ಗುಲಗಂಜಿ ಬೀಜ, ಪಾದರಸದ ಕೆಲವು ರೂಪಗಳು ಆ ಪಟ್ಟಿಯಲ್ಲಿವೆ. ಒಳ್ಳೆಯ ನಿಯಮ. ಆದರೆ ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿಯಲ್ಲಿ! ಕನ್ನಡದಲ್ಲಿ ಇರಲೇಬೇಕೆಂದು ನಿಯಮ ಹೇಳುವುದಿಲ್ಲ. ಹಾನಗಲ್ಲಿನ ಗದ್ದೆಯಲ್ಲಿ ನಾಟಿ ಹಚ್ಚಿ ಬದುಕಿದ ಅಜ್ಜಿಗೆ ಕನ್ನಡ ಅಕ್ಷರ ಕೂಡಿಸಿ ಓದುವುದೇ ಹೆಚ್ಚು. ಸವಣೂರಿನ ಎಷ್ಟೋ ಅಜ್ಜಿಯರಿಗೆ ಮನೆಮಾತು ಉರ್ದು, ತಾಂಡಾಗಳಲ್ಲಿ ಲಂಬಾಣಿ. ಎಚ್ಚರಿಕೆ ಯಾರಿಗಾಗಿ ಬರೆದದ್ದು? ಕನ್ನಡ ಹೋರಾಟದವರು ಅಂಗಡಿ ಬೋರ್ಡಿನ ಮುಂದೆ ನಿಲ್ಲುತ್ತಾರೆ. ಒಮ್ಮೆ ಔಷಧದ ಡಬ್ಬಿಯ ಮುಂದೆಯೂ ನಿಲ್ಲಲಿ.

ಡಬ್ಬಿ ಇದ್ದರೆ ಸಾಲದು, ಒಳಗೆ ಏನಿದೆ ಎಂಬುದೂ ಮುಖ್ಯ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಶುದ್ಧಿ ಮಾಡಿದ ಭಸ್ಮ ಬೇರೆ ಎಂದು ನೀವು ವಾದಿಸಬಹುದು. ವಾದಿಸಿ. ಆದರೆ ಆ ವಾದವನ್ನು ಎಪ್ಪತ್ತು ವರ್ಷದ ರೋಗಿಯ ಮುಂದೆ, ಅವರ ಮಾತಿನಲ್ಲಿ ಹೇಳಿ, ಆಮೇಲೆ ಕೊಡಿ.

ಬೈಯುವ ಡಾಕ್ಟರುಗಳಿಗೆ

ಇಷ್ಟು ಓದಿ ಇಂಗ್ಲಿಷ್ ಔಷಧದವರು ತಲೆಯಾಡಿಸುತ್ತಿದ್ದರೆ ಸ್ವಲ್ಪ ತಡೆಯಿರಿ. ಮುದುಕರು ಮುಚ್ಚಿಡಲು ಕಲಿತದ್ದು ನಿಮ್ಮ ಟೇಬಲ್ಲಿನ ಮುಂದೆಯೇ.

ಶಿಗ್ಗಾಂವಿ ಕಡೆಯ ಒಬ್ಬ ಅಜ್ಜ ನಮಗೆ ಹೇಳಿದ್ದು: "ಒಮ್ಮೆ ಖರೇ ಹೇಳಿದ್ನಿ. 'ಅದನ್ನ ತಿನ್ನೂದಾದ್ರ ಇಲ್ಲಿ ಯಾಕ ಬಂದಿ?' ಅಂದ್ರು. ಎಲ್ಲಾರ ಮುಂದ. ಮತ್ತ ಹೇಳಲಿಲ್ಲ ನಾ." ಮಗನ ವಯಸ್ಸಿನವರಿಂದ ಏಕವಚನದಲ್ಲಿ, ಸರದಿಯಲ್ಲಿ ನಿಂತ ಊರಿನವರ ಮುಂದೆ ಬೈಸಿಕೊಂಡ ಮನುಷ್ಯ ಬೇರು ಬಿಡಲಿಲ್ಲ, ಹೇಳುವುದನ್ನು ಬಿಟ್ಟ. ನಿಮ್ಮ ಬೈಗುಳದಿಂದ ಆದ ಲಾಭ ಅಷ್ಟೇ.

"ಒಂದು ದಿನಕ್ಕೆ ಎಷ್ಟು ರೋಗಿಗಳು ಗೊತ್ತೇನ್ರಿ? ಸಮಯ ಎಲ್ಲಿದೆ?" ಎಂಬುದು ನಿಮ್ಮ ಉತ್ತರ. ಸರದಿ ಎಷ್ಟು ಉದ್ದ ಎಂದು ನಾವೂ ನೋಡಿದ್ದೇವೆ. ಡಾಕ್ಟರುಗಳ ಕೊರತೆ ನಿಮ್ಮ ತಪ್ಪಲ್ಲ. ಆದರೆ "ಗುಳಿಗಿ ಬಿಟ್ಟು ಬ್ಯಾರೆ ಏನ ತಗೋತೀರಿ ಅಜ್ಜಾರ? ಪುಡಿ, ಬೇರು, ಕಷಾಯ, ಏನಿದ್ರೂ ಹೇಳ್ರಿ, ಬೈಯೂದಿಲ್ಲ" ಎನ್ನಲು ಅರ್ಧ ನಿಮಿಷ ಸಾಕು. ಬೈಯಲು ಅದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಕೊನೆಗೆ, ನಮಗೇ

ಬೆರಳು ನಮ್ಮ ಕಡೆಗೂ ತಿರುಗಬೇಕು. ಅಜ್ಜಿಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟವರು ನಾವು. "ಬ್ಯಾರೆ ಏನಿಲ್ಲ" ಎಂದು ಗೊತ್ತಿಲ್ಲದೆ ಧೈರ್ಯವಾಗಿ ಹೇಳಿದವರು ನಾವು. ಹಿರಿಯರನ್ನು ದವಾಖಾನೆಗೆ ಕರೆದುಕೊಂಡು ಹೋಗುವುದೇ ದೊಡ್ಡ ಉಪಕಾರ ಎಂದುಕೊಂಡು ಅವರ ಬಾಯಿಯನ್ನೂ ನಾವೇ ತೆಗೆದುಕೊಂಡಿದ್ದೇವೆ.

ಇನ್ನೊಂದು ತಪ್ಪು ನಮ್ಮ ವೃತ್ತಿಯದು. 1954ರ ಕಾಯ್ದೆಯೊಂದಿದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ತಡೆ ಕಾಯ್ದೆ. ಸಕ್ಕರೆ ಕಾಯಿಲೆ, ಬಿಪಿ, ಸಂಧಿವಾತ, ಲಕ್ವಾ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು ಅದು ನಿಷೇಧಿಸುತ್ತದೆ. ಪ್ರಕಟಿಸಲು ಕೈಜೋಡಿಸುವವರಿಗೂ ಅದು ಅನ್ವಯಿಸುತ್ತದೆ. ಆದರೂ "ಸಕ್ಕರೆ ಕಾಯಿಲೆ ಬೇರು ಸಹಿತ ಮಾಯ" ಎಂಬ ಜಾಹೀರಾತು ಎಲ್ಲಿ ಬರುತ್ತದೆ? ಪೇಪರಿನಲ್ಲಿ, ಕೇಬಲ್ ಟಿವಿಯಲ್ಲಿ, ಈಗ ಮೊಬೈಲಿನಲ್ಲಿ. ಸುದ್ದಿಗೆ ಸಿಗುವ ಪುಡಿಗಾಸಿನಲ್ಲಿ ಮನೆ ನಡೆಯದೆ, ಕಮಿಷನ್ನಿಗಾಗಿ ಜಾಹೀರಾತು ಕೂಡಿಸಿ ಕೊಡುವ ತಾಲ್ಲೂಕು ವರದಿಗಾರರು ನಾವು. ಹಬ್ಬದ ಪುರವಣಿಗೆ ಅಂಥದೊಂದು ಜಾಹೀರಾತನ್ನು ನಾವೂ ತಂದುಕೊಟ್ಟಿದ್ದೆವು. ಅಜ್ಜಿ ಬಿದ್ದ ಮೇಲೆ ಅದು ನೆನಪಾಗಿ ಎರಡು ದಿನ ಊಟ ಸೇರಲಿಲ್ಲ. ಇನ್ನು ಮೇಲೆ ತರುವುದಿಲ್ಲ. ನಮ್ಮ ಜೊತೆಯ ಗೆಳೆಯರೂ ತರಬಾರದು ಎಂದು ಇಲ್ಲೇ ಬರೆದು ಕೇಳುತ್ತೇವೆ.

ನಮ್ಮ ಬೇಡಿಕೆ

ಒಂದು: ಯಾವ ಪದ್ಧತಿಯ ವೈದ್ಯರೇ ಇರಲಿ, ಔಷಧದ ಹೆಸರು ಮತ್ತು ಎಷ್ಟು ದಿನ ಎಂಬುದನ್ನು ಕನ್ನಡದಲ್ಲಿ ಚೀಟಿ ಬರೆದು ಕೊಡಬೇಕು. ಬರೆಯಲು ಅಂಜಿಕೆ ಇರುವ ನಾಟಿ ವೈದ್ಯರು ಕೊನೆಗೆ ಬಾಯಲ್ಲಾದರೂ ಹೇಳಬೇಕು. ಹೇಳಲಾಗದ ಔಷಧ ಕೊಡಬಾರದು.

ಎರಡು: ಆಶಾ ಕಾರ್ಯಕರ್ತೆಯರು, ಗೃಹ ಆರೋಗ್ಯ ಯೋಜನೆಯ ತಂಡದವರು ಬಿಪಿ, ಸಕ್ಕರೆ ನೋಡಲು ಮನೆಗೆ ಬಂದಾಗ "ಬೇರೆ ಏನು ತಗೋತೀರಿ?" ಎಂಬ ಪ್ರಶ್ನೆಯನ್ನು ಹಿರಿಯರಿಗೇ ಕೇಳಿ ಬರೆದುಕೊಳ್ಳಬೇಕು. ಸಾಧ್ಯವಾದರೆ ಸೊಸೆ-ಮಗ ಇಲ್ಲದಾಗ ಕೇಳಬೇಕು.

ಮೂರು: ಔಷಧದ ಮೇಲಿನ ಎಚ್ಚರಿಕೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು. ನಮ್ಮ ಶಾಸಕರು, ಸಂಸದರು ಇದನ್ನು ಸದನದಲ್ಲಿ ಕೇಳಲಿ.

ನಾಲ್ಕನೆಯದು ಓದುಗರಾದ ನಿಮ್ಮ ಕೈಯಲ್ಲಿದೆ. ಮುಂದಿನ ಸಲ ದವಾಖಾನೆಗೆ ಹೋಗುವಾಗ ಮನೆಯಲ್ಲಿನ ಎಲ್ಲ ಔಷಧವನ್ನೂ, ಗುಳಿಗೆ, ಪುಡಿ, ಎಣ್ಣೆ, ಬೇರು ಎಲ್ಲವನ್ನೂ ಒಂದೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಟೇಬಲ್ಲಿನ ಮೇಲೆ ಸುರಿಯಿರಿ. ಡಾಕ್ಟರು ನಿಮ್ಮನ್ನು ಕೇಳಿದರೆ "ಅಜ್ಜಿನ್ನ ಕೇಳ್ರಿ ಸರ್" ಅನ್ನಿ. ಈ ಲೇಖನ ಓದಿ ಯಾವ ಗುಳಿಗೆಯನ್ನೂ, ಬಹಳ ದಿನದಿಂದ ತಗೊಳ್ಳುತ್ತಿರುವ ಯಾವ ಪುಡಿಯನ್ನೂ ತಟ್ಟನೆ ಬಿಡಬೇಡಿ, ಮೊದಲು ತೋರಿಸಿ ಕೇಳಿ. ಸಕ್ಕರೆ ಕಾಯಿಲೆ ಇರುವವರಿಗೆ ಬೆವರು, ನಡುಕ, ತೊದಲು ಕಂಡರೆ, ಎಚ್ಚರವಿದ್ದು ನುಂಗಲು ಬಂದರೆ ಕೂಡಲೇ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಎರಡರಲ್ಲಿ ಏನೇ ಆದರೂ 108ಕ್ಕೆ ಫೋನ್ ಮಾಡಿ. ಸಲಹೆ ಬೇಕಿದ್ದರೆ 104 ಇದೆ.

ಕಳೆದ ತಿಂಗಳು ಅಜ್ಜಿಯನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದೆವು. ಈ ಸಲ ನಾವು ಬಾಗಿಲ ಹತ್ತಿರ ನಿಂತೆವು. ಅಜ್ಜಿ ತಾವೇ ಸಂಚಿ ಬಿಚ್ಚಿದರು. ಪುಡಿ ನಿಲ್ಲಿಸಿದ್ದು, ಮಂಡಿಗೆ ಹಚ್ಚುವ ಎಣ್ಣೆ, ಉಪವಾಸದ ದಿನ, ರಾತ್ರಿ ಎದ್ದು ಎಷ್ಟು ಸಲ ಹೊರಗೆ ಹೋಗುತ್ತಾರೆ, ಎಲ್ಲ ಹೇಳಿದರು. ಡಾಕ್ಟರು ಕೇಳಿಸಿಕೊಂಡು ಗುಳಿಗೆ ಬದಲಿಸಿದರು. ಉಪವಾಸದ ದಿನ ಏನು ಮಾಡಬೇಕೆಂದು ಅವರಿಗೇ ತಿಳಿಸಿದರು. ಗಡಿಯಾರ ನೋಡಿದೆವು, ಐದು ನಿಮಿಷವೂ ಆಗಿರಲಿಲ್ಲ.

ಇವತ್ತು ರಾತ್ರಿ ಊಟ ಆದ ಮೇಲೆ ಮೊಬೈಲ್ ಬದಿಗಿಟ್ಟು ನಿಮ್ಮ ಮನೆಯ ಹಿರಿಯರ ಪಕ್ಕ ಕೂತು ಕೇಳಿ ನೋಡಿ. ಏನು ಹೊರಗೆ ಬಂತು ಎಂದು ನಮಗೂ ಬರೆಯಿರಿ.